ಹಳದಿ ದೀಪಕ್ಕೆ ಕೇಕಿಲ್ಲ

ಬೆರಿತ್ ಹೆಡ್‌ಲುಂಡ್‌ಗೆ ಎರಡು ವಸ್ತುಗಳನ್ನು ಕಂಡರೆ ಆಗುತ್ತಿರಲಿಲ್ಲ. ಒಂದು, ಅಂಗಡಿಯಿಂದ ತಂದ ಕೇಕು. ಇನ್ನೊಂದು, ರಿಂಗಾಗುವ ಟೆಲಿಫೋನು. ಒಣಗಿದ ಕೇಕನ್ನಾದರೂ ಕಾಫಿಯಲ್ಲಿ ಅದ್ದಿ ಗಂಟಲಿಗೆ ಇಳಿಸಬಹುದು, ಟೆಲಿಫೋನನ್ನು ಏನು ಮಾಡುವುದು? ಹರೆಯದಲ್ಲಿ ಅವಳು ಒಂದು ವಿದ್ಯುತ್ ಕಂಪನಿಯ ದೂರು ವಿಭಾಗದಲ್ಲಿ ಫೋನಿನ ಮುಂದೆ ಕೂತಿದ್ದಳು. ಚಳಿಗಾಲದಲ್ಲಿ ಕರೆಂಟು ಹೋದವರೆಲ್ಲ ಕಂಪನಿಯ ಮೇಲಿನ ಸಿಟ್ಟನ್ನು ಅವಳ ಕಿವಿಗೆ ಸುರಿಯುತ್ತಿದ್ದರು. ಸಂಜೆ ಮನೆಗೆ ಬಂದು ಸೂಪಿನ ಬಟ್ಟಲು ಮುಂದಿಟ್ಟುಕೊಂಡರೂ ಆ ಬೈಗುಳಗಳೇ ಕಿವಿಯಲ್ಲಿ ಮೊಳಗುತ್ತಿದ್ದವು. ಕೊನೆಗೆ ಆ ಕೆಲಸಕ್ಕೆ ಕೈಮುಗಿದು ಕಾಗದದ ಕಾರ್ಖಾನೆಯ ಪ್ರಯೋಗಾಲಯ ಸೇರಿದಳು. ಅಲ್ಲಿ ದಿನವಿಡೀ ಕಾಗದವನ್ನು ಎಳೆದು, ಹರಿದು, ಎಷ್ಟು ಗಟ್ಟಿಯಿದೆ ಎಂದು ನೋಡುವುದು. ಎಷ್ಟು ಹರಿದರೂ ಕಾಗದ ತಿರುಗಿ ಬೈಯುವುದಿಲ್ಲ. ಪರೀಕ್ಷೆ ಮಾಡುವ ಕೆಲಸದ ರುಚಿ ಅವಳಿಗೆ ಹತ್ತಿದ್ದು ಅಲ್ಲಿ.

ಆ ಪ್ರಯೋಗಾಲಯ ಮುಚ್ಚಿದ ಮೇಲೆ ಸುಂಡ್ಸ್‌ವಾಲ್ ಎಂಬ ಊರಿನ ಬಂದರಿನ ಹತ್ತಿರದ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಕಂಪನಿಯ ವ್ಯವಹಾರ ಬಟ್ಟೆ ಒಗೆಯುವ ಸರದಿಯದು. ಆ ದೇಶದಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಒಗೆಯುವ ಕೋಣೆ, ಎರಡು ಮೂರು ವಾಷಿಂಗ್ ಮಶೀನು. ಯಾವ ಮನೆಗೆ ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ಮೊದಲೇ ಗುರುತು ಹಾಕಿಕೊಳ್ಳಬೇಕು. ಆ ಸರದಿಯೆಂದರೆ ಅಲ್ಲಿಯವರಿಗೆ ಪಿತ್ರಾರ್ಜಿತ ಆಸ್ತಿ ಇದ್ದ ಹಾಗೆ. ಗಂಡನನ್ನು ಹಾರಿಸಿಕೊಂಡು ಹೋದವಳನ್ನು ಮೆಟ್ಟಿಲಲ್ಲಿ ಕಂಡರೆ ಒಂದು ನಮಸ್ಕಾರವಾದರೂ ಹೇಳಿಯಾರು. ಒಗೆಯುವ ಸರದಿಯಲ್ಲಿ ಕಾಲು ಗಂಟೆ ಕದ್ದವನ ಮುಖ ಮಾತ್ರ ಜನ್ಮದಲ್ಲಿ ನೋಡುವುದಿಲ್ಲ. ಈ ಸರದಿಯನ್ನು ಜಗಳವಿಲ್ಲದೆ ಹಂಚುವ ಪ್ರೋಗ್ರಾಂ ಬರೆಯುವುದು ಕಂಪನಿಯ ಕೆಲಸ. ಅದು ಸರಿಯಾಗಿ ಹಂಚುತ್ತದೆಯೇ ಎಂದು ಕಾವಲು ಕಾಯುವುದು ಬೆರಿತ್‌ಳ ಕೆಲಸ.

ಕಾಯುವುದೇನು ಸುಲಭವಲ್ಲ. ಆ ಒಂದು ಪ್ರೋಗ್ರಾಂ ಮೂರು ಕಡೆ ಸಂಸಾರ ಮಾಡುತ್ತಿತ್ತು. ಎಂಜಿನಿಯರುಗಳ ಲ್ಯಾಪ್‌ಟಾಪಿನಲ್ಲಿ ಅದು ಹುಟ್ಟುತ್ತಿತ್ತು, ವಸತಿ ಸಂಘಗಳ ಕಚೇರಿಯ ಕಂಪ್ಯೂಟರಿನಲ್ಲಿ ಲೆಕ್ಕ ಇಡುತ್ತಿತ್ತು, ಒಗೆಯುವ ಕೋಣೆಯ ಬಾಗಿಲಿನ ಪಕ್ಕ ಗೋಡೆಗೆ ಹೊಡೆದ ಪುಟ್ಟ ಪ್ಯಾನೆಲಿನಲ್ಲಿ ಕೂತು ಬೀಗ ತೆಗೆಯುತ್ತಿತ್ತು, ಹಾಕುತ್ತಿತ್ತು. ಒಂದೇ ಹಿಟ್ಟು ಮೂರು ಓವನ್ನಿನಲ್ಲಿ ಮೂರು ಥರ ಬೇಯುವ ಹಾಗೆ, ಒಂದೇ ಪ್ರೋಗ್ರಾಂ ಒಂದು ಕಡೆ ಸರಿಯಾಗಿ ನಡೆದರೆ ಇನ್ನೊಂದು ಕಡೆ ಎಡವುತ್ತಿತ್ತು. ಅದಕ್ಕೆ ಬೆರಿತ್ ರಾಶಿ ರಾಶಿ ಪುಟ್ಟ ಪರೀಕ್ಷೆಗಳನ್ನು ಬರೆದಿಟ್ಟಿದ್ದಳು. ಒಂದು ಪರೀಕ್ಷೆ ನಿವಾಸಿಯ ವೇಷ ಹಾಕಿ ಸರದಿ ಕೇಳುತ್ತದೆ, ಇನ್ನೊಂದು ಕೊನೆ ಗಳಿಗೆಯಲ್ಲಿ ರದ್ದು ಮಾಡುತ್ತದೆ, ಮತ್ತೊಂದು ಒಬ್ಬನೇ ಎರಡು ಸರದಿ ಹೊಡೆಯಲು ನೋಡುತ್ತದೆ. ಯಾರೇ ಪ್ರೋಗ್ರಾಮಿನ ಒಂದು ಸಾಲು ಬದಲಿಸಿದರೂ ಎಲ್ಲ ಪರೀಕ್ಷೆಗಳೂ ಮೂರೂ ಯಂತ್ರಗಳ ಮೇಲೆ ತಾವಾಗಿಯೇ ಓಡಿ, ಫಲಿತಾಂಶ ಕಾಫಿ ಕೋಣೆಯ ಮೂರು ಬಲ್ಬಿನ ದೀಪದಲ್ಲಿ ಕಾಣುತ್ತಿತ್ತು. ಎಲ್ಲ ಪಾಸಾದರೆ ಹಸಿರು, ಒಂದು ಫೇಲಾದರೂ ಕೆಂಪು. ಪಾಸಾಗಿದೆ, ಆದರೆ ಯಂತ್ರ ಗೊಣಗುತ್ತಿದೆ ಎಂದರೆ ಹಳದಿ. ‘ಈ ವಿಧಾನ ಹಳೆಯದಾಯಿತು, ಮುಂದಿನ ವರ್ಷ ಇರುವುದಿಲ್ಲ’, ‘ತೆರೆದ ಫೈಲನ್ನು ಮುಚ್ಚಿಲ್ಲ’, ‘ಯಾವ ದೇಶದ ಸಮಯ ಎಂದು ಹೇಳಿಲ್ಲ, ನಾನೇ ಊಹಿಸಿಕೊಂಡೆ’, ಹೀಗೆ. ಆ ಗೊಣಗಾಟಕ್ಕೆ ಅವರ ಭಾಷೆಯಲ್ಲಿ ಎಚ್ಚರಿಕೆ ಎನ್ನುತ್ತಾರೆ.

ಕೇಕಿನ ನಿಯಮ ಮಾಡಿದವಳೂ ಬೆರಿತ್‌ಳೇ. ದೀಪ ಕೆಂಪಾದಾಗ, ಸಾಲು ಬದಲಿಸಿದವರೆಂದು ಪಕ್ಕದ ಕಂಪ್ಯೂಟರ್ ಪರದೆಯ ಮೇಲೆ ಯಾರ ಹೆಸರು ಬರುತ್ತದೋ ಅವರು ಶುಕ್ರವಾರದ ಫೀಕಾಕ್ಕೆ, ಅಂದರೆ ಎಲ್ಲರೂ ಕೂತು ಕುಡಿಯುವ ಕಾಫಿಗೆ, ಮನೆಯಲ್ಲೇ ಬೇಯಿಸಿದ ಕೇಕು ತರಬೇಕು. ಕಂಪನಿಯಲ್ಲಿ ನಾಲ್ಕೇ ಜನ ಇದ್ದಾಗ ನಗುನಗುತ್ತ ಮಾಡಿದ ನಿಯಮ. ಆಗ ಯಾರೋ “ಹಳದಿಗೆ?” ಎಂದು ಕೇಳಿದ್ದರು. “ಹೋಗ್ಲಿ ಪಾಪ, ಹಳದಿಗೆ ಕೇಕಿಲ್ಲ,” ಎಂದು ಬೆರಿತ್ ಧಾರಾಳವಾಗಿ ಬಿಟ್ಟುಬಿಟ್ಟಿದ್ದಳು. ಎಂತೆಂಥ ಕೇಕು ಬರುತ್ತಿದ್ದವು! ಹಿರಿಯ ಎಂಜಿನಿಯರ್ ರೂನೆ ತರುತ್ತಿದ್ದ ಕೇಕಿನ ನಡುವೆ ಯಾವಾಗಲೂ ಒಂದು ಹೊಂಡ. ಗೊಲ್ನಾರ್ ಎಂಬ ಹುಡುಗಿ ತನ್ನಮ್ಮ ಇರಾನಿನಿಂದ ಹೊತ್ತು ತಂದ ವಿದ್ಯೆಯನ್ನೆಲ್ಲ ಸುರಿದು ಕೇಸರಿ, ಪಿಸ್ತಾ ಹಾಕಿದ ಕೇಕು ಮಾಡುತ್ತಿದ್ದಳು. ಅವಳು ಇನ್ನಷ್ಟು ತಪ್ಪು ಮಾಡಲಿ ಎಂದು ಎಲ್ಲರೂ ಮನಸ್ಸಿನಲ್ಲೇ ಹರಸುತ್ತಿದ್ದರು.

ಆಮೇಲೆ ಕಂಪನಿ ಬೆಳೆಯಿತು, ಕೆಂಪು ಕಡಿಮೆಯಾಯಿತು. ಒಂದು ವರ್ಷದ ಮೇಲಾಯಿತು, ದೀಪ ಒಮ್ಮೆಯೂ ಕೆಂಪಾಗಲಿಲ್ಲ. ಶುಕ್ರವಾರಗಳಂದು ಪ್ಲಾಸ್ಟಿಕ್ ಡಬ್ಬಿಯ ಅಂಗಡಿ ಕೇಕು ಮೇಜಿಗೆ ಬಂತು. ಬೆರಿತ್ ಅದನ್ನು ಕಂಡು ಮೂಗು ಮುರಿದರೂ ಒಳಗೊಳಗೇ ಬೀಗುತ್ತಿದ್ದಳು. ನನ್ನ ಪರೀಕ್ಷೆಗಳು ಇವರನ್ನು ತಿದ್ದಿ ತೀಡಿ ಮನುಷ್ಯರನ್ನಾಗಿ ಮಾಡಿದವು ಎಂದು ಅವಳ ಎಣಿಕೆ.

ಅಕ್ಟೋಬರಿನ ಒಂದು ಶುಕ್ರವಾರ ಅಂಥದೇ ಡಬ್ಬಿ ಕೇಕು ತಿನ್ನುತ್ತಿದ್ದಾಗ ಕಂಪನಿಯ ಯಜಮಾನ ಯೆಸ್ಪೆರ್ ಅವಳ ಪಕ್ಕ ಬಂದು ಕೂತ. ವಯಸ್ಸಿನಲ್ಲಿ ಅವಳ ತಮ್ಮನಾಗಬೇಕಾದವನು. ಅಲ್ಲಿ ಯಜಮಾನನಿಗೂ ನೌಕರರಿಗೂ ‘ನೀನು’ ಒಂದೇ.

“ಬೆರಿತ್, ನಿನಗೊಂದು ಒಳ್ಳೇ ಸುದ್ದಿ,” ಎಂದ. “ದೀಪ ನೋಡು. ಒಂದು ವರ್ಷದಿಂದ ಕೆಂಪೇ ಆಗಿಲ್ಲ. ಎಲ್ಲ ನಿನ್ನಿಂದ್ಲೇ.”

“ಇರ್ಲಿ ಬಿಡು,” ಎಂದಳು ಬೆರಿತ್, ಕೆನ್ನೆ ಬಿಸಿಯಾಗಿ.

“ಪರೀಕ್ಷೆಗಳು ಈಗ ತಾವೇ ಓಡ್ತವೆ. ನೀನು ಕೂತು ಕಾಯೋದೇನೂ ಉಳಿದಿಲ್ಲ. ಈ ಕಡೆ ಹೊಸ ಪ್ಯಾನೆಲ್ ಹಾಕಿದ ಮೇಲೆ ಗ್ರಾಹಕರ ಫೋನು ಜಾಸ್ತಿಯಾಗಿದೆ. ನಿನ್ನಷ್ಟು ತಾಳ್ಮೆ ಇರೋರು ಇನ್ಯಾರಿದಾರೆ? ನವೆಂಬರಿನಿಂದ ನೀನು ಫೋನು ನೋಡ್ಕೊಂಡ್ರೆ ಹೇಗೆ?”

ಬೆರಿತ್‌ಳ ಬಾಯಲ್ಲಿದ್ದ ಕೇಕು ಅಲ್ಲೇ ನಿಂತಿತು.

“ಈಗಲೇ ಹೇಳ್ಬೇಕಿಲ್ಲ,” ಎಂದು ಯೆಸ್ಪೆರ್ ಎದ್ದ. “ಮುಂದಿನ ಶುಕ್ರವಾರ ಎಲ್ಲರೂ ಕೂತು ಮಾತಾಡಿ ತೀರ್ಮಾನ ಮಾಡೋಣ.”

ಎಲ್ಲರೂ ಕೂತು ಮಾತಾಡುವುದೆಂದರೆ ಏನೆಂದು ಬೆರಿತ್‌ಗೆ ಗೊತ್ತಿಲ್ಲವೇ? ಯೆಸ್ಪೆರ್ ಹೇಳುತ್ತಾನೆ, ಎಂಟು ಜನ ಕಾಫಿ ಬಟ್ಟಲಿನೊಳಗೆ ನೋಡುತ್ತಾರೆ, ಯಾರೋ ಒಬ್ಬರು ‘ಹ್ಞೂಂ’ ಎಂದು ಉಸಿರೆಳೆದುಕೊಳ್ಳುತ್ತಾರೆ, ತೀರ್ಮಾನ ಆಯಿತು.

ಸೋಮವಾರ ಕಾಫಿ ಕೋಣೆಯ ಸಿಂಕಿನಲ್ಲಿ ತೊಳೆಯದೆ ಬಿಟ್ಟ ಬಟ್ಟಲುಗಳ ಗುಡ್ಡೆ ನೋಡುತ್ತ ನಿಂತಾಗ ಅವಳಿಗೆ ಒಂದು ಯೋಚನೆ ಬಂತು. ಕುಡಿದ ಬಟ್ಟಲನ್ನು ಮೂರು ಹೆಜ್ಜೆ ದೂರದ ಪಾತ್ರೆ ತೊಳೆಯುವ ಮಶೀನಿಗೆ ಹಾಕಲು ಮರೆಯುವ ಈ ಜನ, ಒಂದು ವರ್ಷ ಪೂರ್ತಿ ಒಂದೂ ತಪ್ಪು ಮಾಡದೆ ಪ್ರೋಗ್ರಾಂ ಬರೆದರೇ? ಅವಳು ತನ್ನ ಮೇಜಿಗೆ ಹೋಗಿ ಪರೀಕ್ಷೆಗಳ ಕಡತಗಳನ್ನು ತೆರೆದು ಕೂತಳು. ಮೊದಮೊದಲು ಅವೆಲ್ಲವನ್ನೂ ಅವಳೇ ಬರೆದಿದ್ದಳು, ಆಮೇಲಾಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮದನ್ನು ಬರೆಯುತ್ತಿದ್ದರು. ಇನ್ನೊಬ್ಬರ ಪರೀಕ್ಷೆಯೊಳಗೆ ಇಣುಕುವುದು ಅವಳಿಗೆ ಇನ್ನೊಬ್ಬರ ಬಟ್ಟೆಬುಟ್ಟಿಯಲ್ಲಿ ಕೈಯಾಡಿಸಿದ ಹಾಗೆ ಅನಿಸುತ್ತಿತ್ತು. ಈ ಸಲ ಸಂಕೋಚ ಬಿಟ್ಟು ಕೈಯಾಡಿಸಿದಳು.

ಎಲ್ಲಕ್ಕಿಂತ ಮೇಲೆ ಒಂದು ಸಾಲು ಇತ್ತು: ಎಚ್ಚರಿಕೆಗಳನ್ನು ತೋರಿಸಬೇಡ. ಅದಕ್ಕೇ ಹಳದಿ ದೀಪವೂ ಹತ್ತುತ್ತಿರಲಿಲ್ಲ. ಕೆಳಗೆ ಹೋದ ಹಾಗೆ ಪರೀಕ್ಷೆ ಪರೀಕ್ಷೆಯ ತಲೆಯ ಮೇಲೂ ಒಂದೊಂದು ಗುರುತು. ‘ಈ ಯಂತ್ರದ ಮೇಲೆ ಓಡಿಸಬೇಡ.’ ‘ಪ್ಯಾನೆಲಿನಲ್ಲಿ ಬೇಡ, ಸದ್ಯಕ್ಕೆ.’ ‘ಕಚೇರಿ ಕಂಪ್ಯೂಟರಿನಲ್ಲಿ ಬಿಟ್ಟುಬಿಡು, ಆಮೇಲೆ ನೋಡೋಣ.’ ಎಲ್ಲೆಲ್ಲೂ ‘ಸದ್ಯಕ್ಕೆ’. ಬದಲಾವಣೆಯನ್ನು ಕಳಿಸುವ ಮೊದಲು ತಮ್ಮ ಮೇಜಿನಲ್ಲೇ ಓಡಿಸಿ ನೋಡಿದಾಗ ಯಾರಿಗೋ ಕೆಂಪು ಬಂದಿದೆ, ಅವರು ತಪ್ಪನ್ನು ತಿದ್ದುವ ಬದಲು ಪರೀಕ್ಷೆಯ ಬಾಯಿ ಕಟ್ಟಿದ್ದಾರೆ. ಯಾವ ಸಾಲನ್ನು ಯಾರು ಬರೆದರು ಎಂಬುದು ಯಂತ್ರಕ್ಕೆ ಗೊತ್ತಿರುತ್ತದೆ, ಆದ್ದರಿಂದ ಬೆರಿತ್‌ಗೂ ಗೊತ್ತಾಯಿತು. ಒಬ್ಬರೂ ಬಾಕಿ ಇರಲಿಲ್ಲ.

ಬೆರಿತ್‌ಳ ಹೆಸರೂ ಇತ್ತು. ಕಚೇರಿ ಕಂಪ್ಯೂಟರಿನಲ್ಲಿ ಗಡಿಯಾರ ಒಂದೊಂದೇ ಕ್ಷಣ ಎಣಿಸದೆ ಎರಡು ಮೂರನ್ನು ಒಟ್ಟಿಗೇ ಹಾರಿಬಿಡುತ್ತದೆ, ಅದರಿಂದ ಒಂದು ಪರೀಕ್ಷೆ ಆಗಾಗ ಫೇಲಾಗುತ್ತಿತ್ತು. ‘ಮೂರು ಸಲ ಓಡಿಸು, ಒಂದು ಸಲ ಪಾಸಾದರೂ ಪಾಸೆಂದು ಬರೆದುಕೋ’ ಎಂದು ಅವಳೇ ಯಾವಾಗಲೋ ಹಾಕಿ ಮರೆತಿದ್ದಳು. ಜ್ವರ ಇಳಿದಿದೆ ಎನ್ನುವ ತನಕ ಥರ್ಮಾಮೀಟರ್ ಇಟ್ಟು ಇಟ್ಟು ನೋಡಿದ ಹಾಗಾಯಿತು. ಅವಳಿಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅರ್ಥವೂ ಆಯಿತು. ಇವರು ಕೆಟ್ಟವರಲ್ಲ. ಗುರುವಾರ ಸಂಜೆ ಮಕ್ಕಳನ್ನು ಈಜಿನ ತರಗತಿಯಿಂದ ಕರೆದುಕೊಂಡು ಬಂದು, ಅಡುಗೆ ಮಾಡಿ, ಅದರ ಮೇಲೆ ಮೊಟ್ಟೆ ಒಡೆದು ಸಕ್ಕರೆ ಕಲಸುತ್ತ ಯಾರು ನಿಲ್ಲುತ್ತಾರೆ? ಪರೀಕ್ಷೆಯ ಬಾಯಿಗೆ ಬಟ್ಟೆ ತುರುಕುವುದು ಒಂದು ನಿಮಿಷದ ಕೆಲಸ. ತಾನು ಪ್ರೀತಿಯಿಂದ ಮಾಡಿದ ನಿಯಮ ತಪ್ಪು ಮಾಡುವುದನ್ನು ಬಿಡಿಸಿರಲಿಲ್ಲ, ಮುಚ್ಚಿಡುವುದನ್ನು ಕಲಿಸಿತ್ತು. ಈಗ ಅದೇ ತನ್ನ ಕುರ್ಚಿಗೂ ಕುತ್ತು ತಂದಿದೆ.

ಮಾರನೆಯ ದಿನ ಊಟದ ಹೊತ್ತಿಗೆ ರೂನೆಯ ಮುಂದೆ ತಟ್ಟೆ ಇಟ್ಟುಕೊಂಡು ಕೂತು ಎಲ್ಲ ಹೇಳಿದಳು. ರೂನೆ ಆಲೂಗಡ್ಡೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ನಂಗೆ ಗೊತ್ತಿತ್ತು ಕಣೇ.”

“ಗೊತ್ತಿತ್ತಾ? ಮತ್ತೆ ಬಾಯಿ ಬಿಡೋಕೇನಾಗಿತ್ತು?”

“ಬಾಯಿ ಬಿಟ್ರೆ ಯಾರದ್ದು ಅಂತ ಹೇಳ್ಬೇಕಾಗ್ತಿತ್ತಲ್ಲ. ಯಾರಿಗೆ ಬೇಕು ಆ ಉಸಾಬರಿ? ಅಲ್ದೆ ನಂದೂ ಒಂದಿದೆ ಅದ್ರಲ್ಲಿ.” ಒಂದು ತುಂಡು ಬಾಯಿಗೆ ಹಾಕಿಕೊಂಡು ದನಿ ತಗ್ಗಿಸಿದ. “ಎಲ್ಲಕ್ಕಿಂತ ದೊಡ್ಡದು ಯಾರದ್ದು ನೋಡ್ದೆಯಾ?”

ನೋಡಿದ್ದಳು. ಅದು ಯೆಸ್ಪೆರನದು. ಅಲ್ಲಿ ವಸಂತಕ್ಕೆ ಎಲ್ಲ ಗಡಿಯಾರಗಳನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸಿ ಬೇಸಿಗೆ ಸಮಯ ಎನ್ನುತ್ತಾರೆ, ಚಳಿಗಾಲಕ್ಕೆ ಮುಂಚೆ ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ಈ ವಸಂತದಲ್ಲಿ ಹಾಗೆ ತಿರುಗಿಸಿದ ಮೇಲೆ ಹೊಸ ಪ್ಯಾನೆಲುಗಳು ಬಂದಿದ್ದವು. ಅಗ್ಗದ ಪೆಟ್ಟಿಗೆ, ಬೇಸಿಗೆ ಸಮಯ, ಚಳಿಗಾಲದ ಸಮಯ ಎಂಬ ಭೇದ ಅದಕ್ಕೆ ಯಾರೂ ಕಲಿಸಿರಲಿಲ್ಲ. ಗಡಿಯಾರ ತಿರುಗುವ ದಿನದ ಪರೀಕ್ಷೆ ಅದರ ಮೇಲೆ ಫೇಲಾಗಿತ್ತು. ಸಾಗಿಸುವ ಅವಸರದಲ್ಲಿ ಯೆಸ್ಪೆರ್ ‘ಹೊಸ ಪ್ಯಾನೆಲಿನಲ್ಲಿ ಬೇಡ, ಸದ್ಯಕ್ಕೆ’ ಎಂದು ಬರೆದು ಮುಂದೆ ಹೋಗಿದ್ದ. ಅಂದಿನಿಂದ ಪ್ರತಿ ಸಲವೂ ಪ್ಯಾನೆಲು ‘ಸಮಯ ಊಹಿಸಿಕೊಂಡೆ’ ಎಂದು ಎಚ್ಚರಿಸುತ್ತಲೇ ಇತ್ತು, ಮೇಲಿನ ಆ ಒಂದು ಸಾಲು ಅದನ್ನು ನುಂಗುತ್ತಲೇ ಇತ್ತು. ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದು ಬರುವ ಭಾನುವಾರ. ಅವತ್ತು ಹತ್ತು ಗಂಟೆಯ ಸರದಿಯವರಿಗೆ ಒಂಬತ್ತಕ್ಕೇ ಬಾಗಿಲು ತೆರೆಯುತ್ತದೆ, ಒಂಬತ್ತರವರ ಬಟ್ಟೆ ಇನ್ನೂ ಮಶೀನಿನಲ್ಲಿ ತಿರುಗುತ್ತಿರುವಾಗ! ಇವರು ಸರಿಯಾಗಿ ಹತ್ತಕ್ಕೆ ಇಳಿದು ಬಂದರೆ ಬಾಗಿಲು ಬೀಗ. ಆ ಪ್ಯಾನೆಲು ಇರುವ ಊರೂರಲ್ಲೂ, ನೆಲಮಾಳಿಗೆ ನೆಲಮಾಳಿಗೆಯಲ್ಲೂ ಕುರುಕ್ಷೇತ್ರ.

“ಶುಕ್ರವಾರ ಎದ್ದು ನಿಂತ್ಕೊಂಡು ಹೇಳ್ಬಿಡು,” ಎಂದ ರೂನೆ. “‘ಯೆಸ್ಪೆರ್, ಇದು ನೀನು ಮಾಡಿದ್ದು’ ಅಂತ. ಆಮೇಲೆ ನಿನ್ನನ್ನ ಫೋನಿಗೆ ಯಾರು ಕಳಿಸ್ತಾರೆ ನೋಡೋಣ.”

“ಎಲ್ಲರ ಮುಂದೆ ಅವನ ಹೆಸರೆತ್ತಿ? ನನ್ನ ಕೈಲಾಗಲ್ಲ ಮಾರಾಯಾ.”

“ಹಂಗಾದ್ರೆ ಫೋನೆತ್ತು.”

ತಮಾಷೆಗೆ ಹೇಳಿದ ಮಾತೇ, ಆದರೆ ಬೆರಿತ್‌ಗೆ ಚುಚ್ಚಿತು. ಒಬ್ಬ ಮನುಷ್ಯನ ತಪ್ಪನ್ನು ಎಂಟು ಜನರ ಎದುರು ಎತ್ತಿ ಆಡುವುದು ಆ ಊರಿನಲ್ಲಿ ತಪ್ಪಿಗಿಂತ ದೊಡ್ಡ ತಪ್ಪು. ಬಸ್ಸಿನಲ್ಲಿ ಮನೆಗೆ ಹೋಗುತ್ತ ಅವಳು ಇನ್ನೊಂದು ದಾರಿ ಯೋಚಿಸಿದಳು. ಸದ್ದಿಲ್ಲದೆ ತಾನೇ ಆ ಒಂದನ್ನು ಸರಿ ಮಾಡಿಬಿಡುವುದು. ಭಾನುವಾರ ಏನೂ ಆಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ನವೆಂಬರಿನಿಂದ ತಾನು ಫೋನಿನ ಮುಂದೆ. ಉಳಿದ ‘ಸದ್ಯಕ್ಕೆ’ಗಳು ಅಲ್ಲೇ ಮಲಗಿರುತ್ತವೆ, ಕಾಯುವವರು ಯಾರೂ ಇರುವುದಿಲ್ಲ.

ಮನೆಗೆ ಬಂದು ಒಣಗಿಸಲು ಹಾಕಿದ್ದ ಟವೆಲು ತರಲು ನೆಲಮಾಳಿಗೆಗೆ ಇಳಿದಳು. ಅಲ್ಲಿ ಕೆಳಗಿನ ಮನೆಯ ಹಿಲ್ದೂರ್ ಬೆಡ್‌ಶೀಟುಗಳನ್ನು ಮಡಚುತ್ತಿದ್ದಳು. ಎಂಬತ್ತು ದಾಟಿದ ಮುದುಕಿ, ಆ ಒಗೆಯುವ ಕೋಣೆಯ ಸೇನಾಪತಿ. ಯಾರಾದರೂ ಮಶೀನಿನ ಜರಡಿಯಲ್ಲಿ ನೂಲು ಬಿಟ್ಟು ಹೋದರೆ ಬಾಗಿಲಿಗೆ ಚೀಟಿ ಅಂಟಿಸುವವಳು ಅವಳೇ.

“ಬಂದ್ಯಾ? ಹಿಡಿ ಈ ತುದಿ,” ಎಂದು ಶೀಟಿನ ಒಂದು ಕೊನೆ ಕೊಟ್ಟಳು. “ಭಾನುವಾರ ಗಡಿಯಾರ ಹಿಂದಕ್ಕೆ. ನನ್ನ ಹತ್ತು ಗಂಟೆ ಹತ್ತೇ ಗಂಟೆ ತಾನೆ?”

ಬೆರಿತ್ ಶೀಟನ್ನು ಎಳೆದು ಹಿಡಿದಳು.

“ನನ್ನ ಗಂಡ ಇದ್ದಾಗಿನಿಂದ ಭಾನುವಾರ ಹತ್ತು ಗಂಟೆ ನಂದು. ಈ ಹೊಸ ಡಬ್ಬಿಯನ್ನ ನಾನು ಕವಡೆಕಾಸಿನಷ್ಟೂ ನಂಬಲ್ಲ. ಅದನ್ನ ನೋಡ್ಕೊಳ್ಳೋಳು ನೀನು ಅಂತ ಸುಮ್ಮನಿದೀನಿ.”

“ಹಿಲ್ದೂರ್, ನಿನ್ನ ಓವನ್ ಕೆಲ್ಸ ಮಾಡುತ್ತಾ?” ಎಂದು ಬೆರಿತ್ ಕೇಳಿದಳು. ಆ ಪ್ರಶ್ನೆ ಬಾಯಿಂದ ಬಂದ ಮೇಲೆಯೇ ತಾನು ಏನು ಮಾಡಲಿದ್ದೇನೆಂದು ಅವಳಿಗೆ ಪೂರ್ತಿ ತಿಳಿದದ್ದು.

“ಮಾಡ್ದೆ ಏನು? ಹಿಂದುಗಡೆ ಸ್ವಲ್ಪ ಜಾಸ್ತಿ ಕಾಯುತ್ತೆ, ನಡುವೆ ತಿರುಗಿಸಿ ಇಡ್ಬೇಕು. ಯಾಕೆ?”

“ಗುರುವಾರ ನಂಗೆ ತುಂಬಾ ಕೇಕು ಬೇಯಿಸೋದಿದೆ.”

ಬುಧವಾರ ಬೆಳಿಗ್ಗೆ ಬೆರಿತ್ ತನ್ನ ಕೋಟನ್ನು ನೇತುಹಾಕಿ, ಕಾಫಿ ತಂದು ಪಕ್ಕಕ್ಕಿಟ್ಟು, ಎಚ್ಚರಿಕೆಗಳನ್ನು ನುಂಗುತ್ತಿದ್ದ ಸಾಲನ್ನು ಅಳಿಸಿದಳು. ಆಮೇಲೆ ಒಂದೊಂದಾಗಿ ಎಲ್ಲ ‘ಸದ್ಯಕ್ಕೆ’ಗಳನ್ನು ಕಿತ್ತಳು. ತನ್ನದನ್ನು ಮೊದಲು ಕಿತ್ತಳು. ಕೊನೆಗೆ ಒಂದು ಹೊಸ ಸಾಲು ಬರೆದಳು: ಇನ್ನು ಮುಂದೆ ಯಾವ ಎಚ್ಚರಿಕೆ ಬಂದರೂ ಅದನ್ನು ತಪ್ಪೆಂದೇ ತಿಳಿ. ಗುಂಡಿ ಒತ್ತಿ, ಬಟ್ಟಲು ಹಿಡಿದುಕೊಂಡು ಕಾಫಿ ಕೋಣೆಗೆ ಹೋಗಿ ನಿಂತಳು.

ದೀಪ ಕೆಂಪಾಯಿತು. ಪಕ್ಕದ ಪರದೆಯ ಮೇಲೆ ಫೇಲಾದ ಪರೀಕ್ಷೆಗಳ ಹೆಸರು ಒಂದರ ಕೆಳಗೊಂದು ಇಳಿಯತೊಡಗಿದವು. ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ, ಕೊನೆಯ ಬಾರಿ ಕೈಯಿಟ್ಟವರ ಹೆಸರು: ಬೆರಿತ್ ಹೆಡ್‌ಲುಂಡ್.

ಮೊದಲು ಓಡಿ ಬಂದವಳು ಗೊಲ್ನಾರ್. “ಅಯ್ಯಯ್ಯೋ, ಬೆರಿತ್! ನೀನಾ?” ಎಂದು ಸಂತೋಷ ತಡೆಯಲಾರದೆ ಕೂಗಿದಳು. “ಎಷ್ಟು ಕೇಕು ತರ್ಬೇಕು ಗೊತ್ತಾ ನೀನು? ಬೇಕರಿ ಇಡ್ಬೇಕು!” ಹಾಗೆನ್ನುತ್ತ ಪರದೆಯನ್ನು ಮೇಲಿನಿಂದ ಕೆಳಗೆ ಓದಿದಳು. ನಡುವೆ ಒಂದು ಕಡೆ ಅವಳ ಕಣ್ಣು ನಿಂತಿತು, ನಗುವೂ ನಿಂತಿತು. ಹಿಂದೆ ಬಂದವರೂ ಹಾಗೇ. ಬರುವಾಗ ನಗು, ಓದಿದ ಮೇಲೆ ಮುಖ ಹುಳ್ಳಗೆ. ಯೆಸ್ಪೆರ್ ಎಲ್ಲರ ಹಿಂದೆ ನಿಂತು ಓದಿದ. ಅವನ ಕಿವಿ ಕೆಂಪಾದದ್ದನ್ನು ಬೆರಿತ್ ನೋಡಿದರೂ ನೋಡದ ಹಾಗೆ ಕಾಫಿ ಕುಡಿದಳು.

“ಇದನ್ನ... ಮೊದಲಿದ್ದ ಹಾಗೇ ಮಾಡ್ಬಹುದಲ್ಲ?” ಎಂದ ಯೆಸ್ಪೆರ್ ಮೆಲ್ಲಗೆ.

“ಮಾಡ್ಬಹುದು,” ಎಂದಳು ಬೆರಿತ್. “ಆದ್ರೆ ಕೆಂಪಾಗಿದ್ದು ಆಗೋಯ್ತು. ನನ್ನ ಹೆಸರಲ್ಲೇ ಆಗಿದೆ. ನಾಳೆ ರಜೆ ಹಾಕ್ತೀನಿ, ಬೇಯಿಸ್ಬೇಕು.”

ರೂನೆ ಒಬ್ಬನೇ ಪರದೆಯ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ, ಮತ್ತೆ ಮೇಲಿನಿಂದ ಹುಡುಕಿದ. “ನಂದಿಲ್ವಲ್ಲೇ ಇದ್ರಲ್ಲಿ?”

“ನಿಂದು ಪಾಸಾಗಿದೆ. ಪ್ಯಾನೆಲ್ ಹೊಸದಾದಾಗ ಆ ತಪ್ಪು ತಾನೇ ಹೋಗಿದೆ. ಬಾಯಿ ಕಟ್ಟಿದ್ರಿಂದ ಯಾರಿಗೂ ಗೊತ್ತಾಗಿಲ್ಲ.”

“ಥೂ,” ಎಂದ ರೂನೆ. ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು.

ಗುರುವಾರ ಪೂರ್ತಿ ಬೆರಿತ್ ಎರಡು ಅಡುಗೆಮನೆಗಳ ನಡುವೆ ಮೆಟ್ಟಿಲು ಹತ್ತಿದಳು, ಇಳಿದಳು. ಏಲಕ್ಕಿ ಬನ್ನು, ಸೇಬಿನ ಕೇಕು, ನಡುವೆ ಅಂಟಂಟಾಗಿರುವ ಚಾಕೊಲೇಟ್ ಕೇಕು, ಲಿಂಗನ್ ಎಂಬ ಕೆಂಪು ಹುಳಿಹಣ್ಣಿನ ಸುರುಳಿ ಕೇಕು, ಬಟ್ಟಲಿನಾಕಾರದ ಪುಟ್ಟ ಬಾದಾಮಿ ಕೇಕುಗಳು. ಮೇಲೆ ತನ್ನ ಮನೆಯ ಓವನ್ನಿನಲ್ಲಿ ಬನ್ನುಗಳು ಹೊಂಬಣ್ಣಕ್ಕೆ ಬಂದವು. ಅದೇ ಹಿಟ್ಟು, ಅದೇ ಹೊತ್ತು, ಕೆಳಗಿನ ಓವನ್ನಿನಲ್ಲಿ ಹಿಂದಿನ ಸಾಲು ಕರಕಲಾಯಿತು.

“ತಿರುಗಿಸಿ ಇಡ್ಬೇಕು ಅಂತ ನಾನು ಹೇಳಿರ್ಲಿಲ್ವಾ?” ಎಂದಳು ಹಿಲ್ದೂರ್, ಸೊಂಟಕ್ಕೆ ಕೈಕೊಟ್ಟು.

“ಹೇಳಿದ್ದೆ.”

“ಕೇಳಿಸ್ಕೊಂಡಿದ್ಯಾ?”

“ಇಲ್ಲ,” ಎಂದು ಒಪ್ಪಿಕೊಂಡ ಬೆರಿತ್‌ಗೆ ನಗು ತಡೆಯಲಾಗಲಿಲ್ಲ. ಮುದುಕಿಗೆ ಕಾರಣ ತಿಳಿಯದಿದ್ದರೂ ಅವಳೂ ನಕ್ಕಳು. ಕೈಯೆಲ್ಲ ಬೆಣ್ಣೆ, ಕೂದಲಲ್ಲೆಲ್ಲ ಹಿಟ್ಟು. ನಾಳೆ ಏನಾಗುತ್ತದೋ ಎಂಬ ಹೆದರಿಕೆ ಇದ್ದರೂ ಬೆರಿತ್ ಎಷ್ಟೋ ತಿಂಗಳ ಮೇಲೆ ಆ ದಿನ ಸುಖವಾಗಿದ್ದಳು.

ಶುಕ್ರವಾರ ಮಧ್ಯಾಹ್ನ ಕಾಫಿ ಕೋಣೆಯ ಮೇಜಿನ ಮೇಲೆ ಕೈಯಿಡಲು ಜಾಗವಿರಲಿಲ್ಲ. ಒಂದೊಂದು ಕೇಕಿಗೂ ಹಲ್ಲುಕಡ್ಡಿಗೆ ಅಂಟಿಸಿದ ಒಂದೊಂದು ಕಾಗದದ ಬಾವುಟ. ಬಾವುಟದ ಮೇಲೆ ಪರೀಕ್ಷೆಯ ಹೆಸರು ಮಾತ್ರ, ಮನುಷ್ಯರ ಹೆಸರಿಲ್ಲ. ‘ಅದೇ ದಿನ ರದ್ದು, ಪ್ಯಾನೆಲಿನಲ್ಲಿ.’ ‘ಒಂದೇ ಮನೆಗೆ ಎರಡು ಸರದಿ, ಕಚೇರಿ ಕಂಪ್ಯೂಟರಿನಲ್ಲಿ.’ ನಟ್ಟನಡುವೆ, ಬಾದಾಮಿ ಮತ್ತು ಸಕ್ಕರೆಪಾಕ ಹೊದಿಸಿದ ಎಲ್ಲಕ್ಕಿಂತ ದೊಡ್ಡ ಕೇಕಿನ ಮೇಲೆ: ‘ಗಡಿಯಾರ ತಿರುಗುವ ದಿನ, ಹೊಸ ಪ್ಯಾನೆಲಿನಲ್ಲಿ.’

ಎಂಟೂ ಜನ ಮೇಜಿನ ಸುತ್ತ ಸಾವಿನ ಮನೆಗೆ ಬಂದವರ ಹಾಗೆ ನಿಂತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬೆರಿತ್ ತಾನೇ ಮೊದಲು ಕೈಚಾಚಿ, ‘ಮೂರು ಸಲ ಓಡಿಸು’ ಎಂದು ಬಾವುಟ ಚುಚ್ಚಿದ್ದ ಕರಕಲು ಬನ್ನು ಎತ್ತಿಕೊಂಡಳು.

“ಇದು ನಂದು,” ಎಂದು ಕಚ್ಚಿದಳು.

ಗೊಲ್ನಾರ್ ಉಸಿರು ಬಿಟ್ಟು ಸೇಬಿನ ಕೇಕಿನ ಮುಂದೆ ಬಂದಳು. “ಇದು ನಂದು. ಆಗ ನಂದು ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆ ಇತ್ತು, ಕೇಕು ಮಾಡೋಕೆ ಪುರುಸೊತ್ತಿರ್ಲಿಲ್ಲ. ಆಮೇಲೆ ಮಾಡಿದ್ರಾಯ್ತು ಅಂದ್ಕೊಂಡೆ. ಸುಳ್ಳು ಯಾಕೆ, ಮರ್ತೇಬಿಟ್ಟೆ.” ಆಮೇಲೆ ಇನ್ನೊಬ್ಬ ಬಂದ, ಮತ್ತೊಬ್ಬಳು ಬಂದಳು. “ಇದು ನಂದು.” “ಇವೆರಡೂ ನಂದೇ, ಕ್ಷಮಿಸು.” ಚಾಕುವಿನ ಸದ್ದು, ತಟ್ಟೆಯ ಸದ್ದು, ನಡುನಡುವೆ ನಗು. ತನಗೆ ಪಾಲಿಲ್ಲದ ರೂನೆ ಎಲ್ಲರ ತಟ್ಟೆಯಿಂದಲೂ ತುದಿ ಮುರಿದು ತಿನ್ನುತ್ತ ತಿರುಗಿದ.

ದೊಡ್ಡ ಕೇಕು ಹಾಗೇ ಇತ್ತು. ಯೆಸ್ಪೆರ್ ಅದರ ಮುಂದೆ ಬಂದು ನಿಂತ. ಅವನು ಬಾವುಟವನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ.

“ನಿನ್ನೆ ನಾನೂ ರೂನೇನೂ ಕೂತು ಇದನ್ನ ಸರಿ ಮಾಡಿದ್ವಿ,” ಎಂದ. “ಮೂರು ಯಂತ್ರದಲ್ಲೂ ಪಾಸಾಗಿದೆ. ಎಲ್ಲ ಪ್ಯಾನೆಲಿಗೂ ಕಳಿಸಾಯ್ತು. ಆದ್ರೂ ಕೇಕು ನಂದೇ.” ಒಂದು ತುಂಡು ಕತ್ತರಿಸಿ, ನಿಂತೇ ತಿಂದ. “ಇವತ್ತು ಬೆರಿತ್ ವಿಷ್ಯ ಮಾತಾಡೋದಿತ್ತು. ನಾನು ಹೇಳಿದ್ದು ವಾಪಸ್ ತಗೋತೀನಿ. ಅವಳು ಎಲ್ಲಿ ಕೂತಿದಾಳೋ ಅಲ್ಲೇ ಕೂತಿರ್ಲಿ. ನಾವು ಭಾನುವಾರ ತಪ್ಪಿಸ್ಕೊಂಡಿದ್ದು ಅವಳಿಂದ.”

“ನಾನೂ ಬಾಯಿ ಕಟ್ಟಿದೋಳೇ,” ಎಂದಳು ಬೆರಿತ್. “ನಿಯಮ ತಪ್ಪಾಗಿತ್ತು. ಕೆಂಪು ಮಾಡಿದೋರಿಗೆ ದಂಡ ಹಾಕಿದ್ರೆ ಯಾರು ಕೆಂಪು ಮಾಡ್ತಾರೆ? ಇನ್ಮೇಲೆ ಮುಚ್ಚಿದ್ದನ್ನ ಬಿಚ್ಚಿ ಕೆಂಪು ಮಾಡಿದೋರಿಗೆ ಉಳಿದೋರು ಕೇಕು ತರ್ಬೇಕು. ಯಾವ್ದಾದ್ರೂ ಯಂತ್ರದಲ್ಲಿ ಒಂದು ಪರೀಕ್ಷೆ ಬಿಡ್ಲೇಬೇಕು ಅಂದ್ರೆ ಬಿಡಿ, ಆದ್ರೆ ಯಾಕೆ ಅಂತ, ಯಾವಾಗಿನ ತನಕ ಅಂತ ಪಕ್ಕದಲ್ಲಿ ಬರೀರಿ. ‘ಸದ್ಯಕ್ಕೆ’ ಅನ್ನೋ ಹಾಗಿಲ್ಲ.”

“ಹ್ಞೂಂ,” ಎಂದು ಯಾರೋ ಉಸಿರೆಳೆದುಕೊಂಡರು. ತೀರ್ಮಾನ ಆಯಿತು. ಇನ್ನು ಎಚ್ಚರಿಕೆಯೂ ಕೆಂಪೇ ಎಂದು ರೂನೆ ಕುರ್ಚಿ ಹತ್ತಿ ಹಳದಿ ಬಲ್ಬನ್ನು ತಿರುಗಿಸಿ ತೆಗೆದು, ಬೆರಿತ್‌ಳ ಕೈಗೆ ಕೊಟ್ಟ.

“ಸರಿ, ಫೋನು ಯಾರು ನೋಡೋದು?” ಎಂದು ಗೊಲ್ನಾರ್ ಕೇಳಿದಳು. ಎಂಟೂ ಜನ ತಟ್ಟೆಯೊಳಗೆ ನೋಡಿದರು.

“ನಮ್ಮದೇ ಪ್ರೋಗ್ರಾಂ ಇದೆಯಲ್ಲ,” ಎಂದ ಯೆಸ್ಪೆರ್. “ಬಟ್ಟೆ ಒಗೆಯೋ ಹಾಗೆ ಸರದಿ ಹಾಕ್ಕೊಳ್ಳೋಣ. ನಾನೂ ಸೇರಿ. ಬೆರಿತ್ ಬೇಡ.”

“ನಂಗೂ ಒಂದಿರ್ಲಿ,” ಎಂದಳು ಬೆರಿತ್. ತನ್ನ ದನಿ ಕೇಳಿ ತನಗೇ ಆಶ್ಚರ್ಯವಾಯಿತು. “ಭಾನುವಾರ ಹತ್ತು ಗಂಟೆ.”

ಭಾನುವಾರ ಬೆಳಿಗ್ಗೆ ಅವಳು ಕಂಪನಿಯ ಫೋನನ್ನು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ, ಉಳಿದ ಬನ್ನುಗಳ ಪಕ್ಕ ಇಟ್ಟುಕೊಂಡು ಕೂತಳು. ಗೋಡೆಯ ಗಡಿಯಾರವನ್ನು ಎದ್ದ ಕೂಡಲೇ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದಳು. ಒಂಬತ್ತಾಯಿತು, ಫೋನು ಸುಮ್ಮನಿತ್ತು. ಪರೀಕ್ಷೆ ಪಾಸಾಗಿದೆ, ಮೂರು ಯಂತ್ರದಲ್ಲೂ ಪಾಸಾಗಿದೆ ಎಂದು ಎಷ್ಟು ಸಲ ಹೇಳಿಕೊಂಡರೂ ಕಣ್ಣು ಫೋನು ಬಿಟ್ಟು ಕದಲಲಿಲ್ಲ. ಬಾಗಿಲು ತೆರೆಯದೆ ಯಾರಾದರೂ ಬೈಯುವುದಾದರೆ ಆ ಬೈಗುಳ ತನ್ನ ಕಿವಿಗೇ ಬೀಳಲಿ ಎಂದು ಅವಳೇ ಕೇಳಿ ಪಡೆದ ಸರದಿ ಅದು.

ಹತ್ತು ಹೊಡೆದು ಸ್ವಲ್ಪ ಹೊತ್ತಾಗಿರಬೇಕು, ಫೋನು ರಿಂಗಾಯಿತು. ಬೆರಿತ್ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಎತ್ತಿದಳು.

“ಒಗೆಯೋ ಸರದಿಯ ಸಹಾಯವಾಣಿ,” ಎಂದಳು.

“ಹಿಲ್ದೂರ್ ಮಾತಾಡ್ತಿರೋದು, ನೆಲಮಾಳಿಗೆಯಿಂದ,” ಎಂದಿತು ಆ ಕಡೆಯ ದನಿ, ಮಶೀನಿಗೆ ನೀರು ತುಂಬುವ ಸದ್ದಿನ ನಡುವೆ. “ದೂರು ಹೇಳೋರು ಮಾತ್ರ ಫೋನ್ ಮಾಡ್ಬೇಕು ಅಂತೇನಾದ್ರೂ ಇದೆಯಾ?”

“ಇಲ್ಲ.”

“ಹಂಗಾದ್ರೆ ಬರ್ಕೊ. ಹತ್ತು ಗಂಟೆಗೆ ಬಾಗಿಲು ತೆಗೀತು.”